ಕೈ ಬದಲಿಸಿದ ಪ್ರೋನೋಟು

1830ರ ದಶಕದಲ್ಲಿ ಅಮೆರಿಕದ ಗಡಿಸೀಮೆಯಾಗಿದ್ದ ಇಲಿನಾಯ್ ರಾಜ್ಯದಲ್ಲಿ ನಗದಿಗೆ ಬರ. ಅಂಗಡಿ, ಕುದುರೆ, ಜಮೀನಿನ ವ್ಯವಹಾರವೆಲ್ಲ ಪ್ರೋನೋಟಿನ ಮೇಲೆ. ಹಿಂಬದಿಯಲ್ಲಿ ಸಹಿ ಹಾಕಿ ಅದನ್ನು ಮೂರನೆಯವರಿಗೆ ವರ್ಗಾಯಿಸಬಹುದಿತ್ತು. ಹೀಗಾಗಿ ಪರಿಚಿತರಿಗೆ ಬರೆದುಕೊಟ್ಟ ಪತ್ರ ಬೇರೊಬ್ಬರ ಕೈಸೇರಿ, ಕೌಂಟಿಯ ನ್ಯಾಯಾಲಯದಲ್ಲಿ ದಾವೆಯಾಗಿ ಎದುರಾಗುತ್ತಿತ್ತು.

ನ್ಯೂ ಸೇಲಂ ಹಳ್ಳಿಯಲ್ಲಿದ್ದ ಯುವಕ ಅಬ್ರಹಾಂ ಲಿಂಕನ್ನರಿಗೆ ಆದದ್ದೂ ಇದೇ. ವಿಲಿಯಂ ಬೆರ್ರಿಯೊಡನೆ ನಡೆಸಿದ ಅಂಗಡಿ ಮುಳುಗಿತು. ನೋಟನ್ನು ವರ್ಗಾಯಿಸಿಕೊಂಡಿದ್ದ ಪೀಟರ್ ವ್ಯಾನ್ ಬರ್ಗನ್ 1834ರಲ್ಲಿ ಡಿಕ್ರಿ ಪಡೆದರು. ಲಿಂಕನ್ನರ ಕುದುರೆ, ಜೀನು, ಅನ್ನಕ್ಕೆ ಆಧಾರವಾಗಿದ್ದ ಭೂಮಾಪನದ ಸಲಕರಣೆಗಳು ಹರಾಜಾದವು. ಗೆಳೆಯ ಜೇಮ್ಸ್ ಷಾರ್ಟ್ ಅವನ್ನು ಕೊಂಡು ಹಿಂದಿರುಗಿಸಿದರು. 1835ರಲ್ಲಿ ಬೆರ್ರಿ ತೀರಿಕೊಂಡಾಗ ಪಾಲುದಾರಿಕೆಯ ಸಾಲವೂ ಲಿಂಕನ್ನರ ಹೆಗಲೇರಿತು. ತೀರಿಸಲು ವರ್ಷಗಳೇ ಹಿಡಿದವು.

ಮುಂದೆ ವಕೀಲರಾದ ಅವರು ನಡೆಸಿದ ಮೊಕದ್ದಮೆಗಳಲ್ಲಿ ದೊಡ್ಡ ಪಾಲು ಇಂಥ ಸಾಲದ ವ್ಯಾಜ್ಯಗಳೇ.