ನಡುಗುವ ಕೈಯೂ ಕಲಿಯುವ ಯಂತ್ರವೂ

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆಯುವವನ ಕಿವಿಗೆ ಮೊದಲು ಬೀಳುವುದು ವಿದ್ಯುತ್ ಮಗ್ಗಗಳ ಸದ್ದು. ಲಾಳಿಯನ್ನೆಸೆಯುವ ಶ್ರಮವನ್ನು ಯಂತ್ರವೇ ವಹಿಸಿಕೊಂಡಿದ್ದರೂ, ಹಾಸಿನ ರೇಷ್ಮೆಯೆಳೆಯೊಂದು ಕಡಿದೊಡನೆ ಅದರ ತುದಿಯನ್ನರಸಿ ಗಂಟಿಕ್ಕಬೇಕಾದುದು ಇಂದಿಗೂ ಮನುಷ್ಯನ ಬೆರಳೇ ಆದುದರಿಂದ, ಕೈನಡುಕ ಹತ್ತಿದ ನೇಕಾರನಿಗೆ ರೋಗಕ್ಕಿಂತ ಮೊದಲು ಅನ್ನದ ಚಿಂತೆ ತಗಲುತ್ತದೆ. ಅಂಥವನೊಬ್ಬನನ್ನು ಕಣ್ಮುಂದಿರಿಸಿಕೊಂಡು, ಮಿದುಳಿಗೆ ವಿದ್ಯುತ್ತನ್ನಿತ್ತು ನಡುಕವನ್ನಡಗಿಸುವ ಚಿಕಿತ್ಸೆಯು ನಡೆದುಬಂದ ದಾರಿಯನ್ನು ಅವಲೋಕಿಸಬಹುದು.

ನಮ್ಮ ವೈದ್ಯರು ಕಂಪವಾತವೆಂದು ಕರೆದ ವ್ಯಾಧಿಯನ್ನು ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದನು. ನಸುಗುನ್ನಿಯ ಬೀಜದಲ್ಲಿಯೂ ಇರುವ ಲೆವೊಡೋಪಾ ಎಂಬ ದ್ರವ್ಯವು 1960ರ ದಶಕದಲ್ಲಿ ಅದಕ್ಕೆ ಮದ್ದಾಗಿ ನಿಂತಿತಾದರೂ, ವರ್ಷಗಳು ಕಳೆದಂತೆ ಅದರ ಪ್ರಭಾವದ ಅವಧಿ ಕುಗ್ಗುವುದೂ, ಬೇಡದ ಚಲನೆಗಳು ತಲೆದೋರುವುದೂ ಉಂಟು. ಶಸ್ತ್ರವೈದ್ಯರಾದರೋ ಅನ್ಯಮಾರ್ಗವನ್ನು ಹಿಡಿದಿದ್ದರು. 1947ರಲ್ಲಿ ಫಿಲಡೆಲ್ಫಿಯದ ಸ್ಪೀಗೆಲ್ ಮತ್ತು ವೈಸಿಸ್, ತಲೆಗೆ ಚೌಕಟ್ಟನ್ನು ತೊಡಿಸಿ ಮಿದುಳಿನೊಳಗಿನ ಬಿಂದುವನ್ನು ಅಳೆದು ಮುಟ್ಟುವ ವಿಧಾನವನ್ನು ತೋರಿದ ಮೇಲೆ, ನಡುಕಕ್ಕೆ ಸಂಬಂಧಿಸಿದ ಅಲ್ಪಭಾಗವನ್ನು ನಾಶಪಡಿಸುವುದು ರೂಢಿಗೆ ಬಂದಿತು. ಮುಂದೆ ನಿಮ್ಹಾನ್ಸಿನ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರು ಬುರುಡೆಯ ತಳದ ಅಂಡಾಕಾರದ ಸಹಜ ರಂಧ್ರದ ಮೂಲಕವೇ ಸೂಜಿಯನ್ನೇರಿಸುವ ಉಪಾಯವನ್ನು ಬಳಕೆಗೆ ತಂದರು. ಬಡವರ ನಾಡಿಗೊಪ್ಪುವ ಈ ಸರಳತೆಯನ್ನು ನಾವು ಸಾಕಷ್ಟು ನೆನೆದಿಲ್ಲವೆಂದೇ ನನ್ನ ಎಣಿಕೆ. ಆದರೆ ಸುಟ್ಟದ್ದು ಸುಟ್ಟದ್ದೇ, ಮರಳಿ ಚಿಗುರದು.

ಸುಡುವ ಮುನ್ನ ಸ್ಥಳಪರೀಕ್ಷೆಗೆಂದು ಹರಿಸುತ್ತಿದ್ದ ವಿದ್ಯುತ್ತನ್ನು ಸೆಕೆಂಡಿಗೆ ನೂರು ಸ್ಪಂದನಗಳ ಆಸುಪಾಸಿಗೆ ಏರಿಸಿದಾಗ ನಡುಕ ನಿಂತುಹೋಗುವುದನ್ನು ಫ್ರಾನ್ಸಿನ ಗ್ರೆನೋಬಲ್ ನಗರದ ಬೆನಾಬಿದ್ 1987ರಲ್ಲಿ ಗಮನಿಸಿ, ಸುಡುವುದನ್ನೇ ಕೈಬಿಟ್ಟು ತಂತಿಯನ್ನು ಒಳಗೇ ಉಳಿಸಿದರು. ಎದೆಯ ಚರ್ಮದಡಿಯ ಬ್ಯಾಟರಿಯಿಂದ ನಡೆಯುವ ಈ ಚಿಕಿತ್ಸೆಗೆ ಅಮೆರಿಕದಲ್ಲಿ ನಡುಕದ ಸಲುವಾಗಿ 1997ರಲ್ಲಿಯೂ ಪಾರ್ಕಿನ್ಸನ್ ರೋಗದ ಸಲುವಾಗಿ 2002ರಲ್ಲಿಯೂ ಅನುಮತಿ ದೊರೆಯಿತು. ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲಿಯೂ ಅದು ನಡೆಯುತ್ತಿದೆ.

ತಂತಿಯನ್ನಿಟ್ಟಲ್ಲಿಗೆ ಕಾರ್ಯ ಮುಗಿಯದು. ಅದರ ತುದಿಯ ನಾಲ್ಕು ಅಥವಾ ಎಂಟು ಬಿಂದುಗಳಲ್ಲಿ ಯಾವುದಕ್ಕೆ, ಎಷ್ಟು ಬಲದ, ಎಷ್ಟು ಅಗಲದ, ಸೆಕೆಂಡಿಗೆ ಎಷ್ಟು ಸ್ಪಂದನಗಳನ್ನು ಕೊಡಬೇಕೆಂಬ ಸಂಯೋಜನೆಗಳು ಸಾವಿರಗಳನ್ನು ಮೀರುವುದರಿಂದ, ವೈದ್ಯರು ಒಂದೊಂದನ್ನೇ ಬದಲಿಸಿ, ರೋಗಿಯ ಬೆರಳನ್ನು ಆಡಿಸಿ ನೋಡಿ, ಮತ್ತೆ ಬದಲಿಸಿ, ತಿಂಗಳುಗಟ್ಟಲೆ ಶ್ರುತಿಗೂಡಿಸಬೇಕಾಗುತ್ತದೆ. ತಂಬೂರಿಯನ್ನು ಶ್ರುತಿಮಾಡುವವನಿಗೆ ಧ್ವನಿ ತಕ್ಷಣ ಕೇಳಿಸುತ್ತದೆ. ಇಲ್ಲಿಯೋ, ನಡುಕ ಬೇಗ ನಿಂತರೂ ನಡಿಗೆ ಸುಧಾರಿಸಿತೋ ಇಲ್ಲವೋ ತಿಳಿಯಲು ದಿನಗಳೇ ಬೇಕಾದಾವು. ಇಂಥ ಒಂದೊಂದು ತಿದ್ದುಪಡಿಗೂ ನೇಕಾರನು ಒಂದು ದಿನದ ಕೂಲಿಯನ್ನು ಬಿಟ್ಟು, ಮಗನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಬೇಕು.

ಯಂತ್ರಕಲಿಕೆ ಪ್ರವೇಶಿಸಿದುದು ಈ ಇಕ್ಕಟ್ಟಿನಲ್ಲಿ. ಟೊರಾಂಟೊದ ವಿದ್ವಾಂಸರು 2021ರಲ್ಲಿ 67 ರೋಗಿಗಳ ಮಿದುಳಿನ ಕಾಂತಚಿತ್ರಗಳನ್ನು ಪರೀಕ್ಷಿಸಿ, ಸ್ಪಂದನವು ಉಚಿತವೋ ಅಲ್ಲವೋ ಎಂಬುದನ್ನು ಶೇ. 88ರಷ್ಟು ಸರಿಯಾಗಿ ಗುರುತಿಸುವಂತೆ ಯಂತ್ರವನ್ನು ಪಳಗಿಸಿದರು. ಇನ್ನೊಂದು ಮಾರ್ಗ ಮಿದುಳಿನ ಮಾತನ್ನೇ ಕೇಳುವುದು. ಪಾರ್ಕಿನ್ಸನ್ ರೋಗದಲ್ಲಿ ಸೆಕೆಂಡಿಗೆ 13ರಿಂದ 30 ಬಾರಿ ಏಳುವ ಬೀಟಾ ತರಂಗಗಳು ಪ್ರಬಲವಾಗುತ್ತವೆ. ಅವು ಮಿತಿಮೀರಿದಾಗಷ್ಟೇ ವಿದ್ಯುತ್ತನ್ನು ಹರಿಸುವ ಕ್ರಮವನ್ನು ಆಕ್ಸ್‌ಫರ್ಡಿನ ಪೀಟರ್ ಬ್ರೌನ್ ಅವರ ತಂಡ 2013ರಲ್ಲಿ ತೋರಿಸಿತು. ಇದನ್ನು ಕಲಿಕೆಯೆನ್ನುವುದು ಉತ್ಪ್ರೇಕ್ಷೆ, ಮಿತಿ ನೋಡಿ ತೆರೆದು ಮುಚ್ಚುವ ತೂಬಷ್ಟೇ ಅದು. ಪ್ರತಿಯೊಬ್ಬ ರೋಗಿಯ ಲಕ್ಷಣಕ್ಕೆ ಹೊಂದುವ ಸಂಕೇತವನ್ನು ದತ್ತಾಂಶದಿಂದಲೇ ಹೆಕ್ಕಿದ ಸ್ಯಾನ್ ಫ್ರಾನ್ಸಿಸ್ಕೋದ ಫಿಲಿಪ್ ಸ್ಟಾರ್ ಅವರ ತಂಡದ 2024ರ ಪ್ರಯೋಗದಲ್ಲಿ, ನಾಲ್ವರು ರೋಗಿಗಳು ಅತಿಯಾಗಿ ಬಾಧಿಸುವ ಲಕ್ಷಣದಲ್ಲಿ ಕಳೆಯುವ ಕಾಲ ಸುಮಾರು ಅರ್ಧಕ್ಕಿಳಿಯಿತು. 2025ರ ಫೆಬ್ರವರಿಯಲ್ಲಿ ಅಮೆರಿಕವು ಸ್ವಯಂ ಹೊಂದಿಕೊಳ್ಳುವ ಉಪಕರಣಕ್ಕೆ ಅನುಮತಿಯನ್ನಿತ್ತಿತು.

ನಾಲ್ವರು, ಅರುವತ್ತೇಳು ಮಂದಿ: ಈ ಸಂಖ್ಯೆಗಳ ಅಲ್ಪತೆಯನ್ನು ಮರೆಯಲಾಗದು. ನಿಮ್ಹಾನ್ಸಿನ ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಗ್ರಾಮಾಂತರಗಳಲ್ಲಿ 1,02,557 ಜನರನ್ನು ಸಮೀಕ್ಷಿಸಿದಾಗ, ನರರೋಗಗಳ ಪ್ರಮಾಣ ಲಕ್ಷಕ್ಕೆ ನಗರದಲ್ಲಿ 2,190, ಹಳ್ಳಿಗಳಲ್ಲಿ 4,070 ಎಂದು ಕಂಡಿತು. ರೋಗ ಹೆಚ್ಚಿರುವಲ್ಲಿ ತಜ್ಞರು ವಿರಳ. ಆದಕಾರಣ ಹೊಸ ಯಂತ್ರದ ಗುಣವನ್ನು ಅಳೆಯುವವರು ನಡುಕದ ಅಂಕಗಳ ಜೊತೆಗೆ, ರೋಗಿಯು ಬಸ್ಸು ಹತ್ತಿ ಬರಬೇಕಾದ ಸಲಗಳನ್ನೂ ಎಣಿಸಬೇಕೆಂಬುದು ನನ್ನ ಕೇಳಿಕೆ.