ಹುದುಗು ಪಾತ್ರೆಗಳ ಶುದ್ಧಿ: ರಾಯದುರ್ಗ, ಮಡಕಶಿರಾ ಸೀಮೆ

ಸೇಂದಿ, ನೀರಾ, ಅಂಬಲಿ, ಮಜ್ಜಿಗೆ, ಉಪ್ಪಿನಕಾಯಿಗಳ ಗಡಿಗೆ, ಜಾಡಿ, ಬಾಟಲಿಗಳನ್ನು ತೊಳೆಯಲು ಮತ್ತು ಅವುಗಳ ಸೋಂಕು ಕಳೆಯಲು ಬಳಕೆಯಾದ ವಸ್ತುಗಳಿಗೆ ಈ ಸೀಮೆಯಲ್ಲಿ ಉದ್ದನೆಯ ಚರಿತ್ರೆಯಿದೆ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಅನಂತಪುರಕ್ಕೆ ಸೇರಿತು. ಅನಂತಪುರದಲ್ಲೇ ಇದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅಗಳಿ, ರೊಳ್ಳ, ಅಮರಾಪುರದ ಕಡೆ ಇಂದಿಗೂ ಅನೇಕರ ಮನೆಮಾತು ಕನ್ನಡ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ಆಂಧ್ರಪ್ರದೇಶ ಅಬಕಾರಿ ಕಾಯ್ದೆ, 1968 ನಿಷೇಧಿಸುವುದರಿಂದ ಮನೆಯಲ್ಲಿ ಬಿಯರ್ ಮಾಡುವ ರೂಢಿ ಇಲ್ಲಿ ಬೆಳೆಯಲಿಲ್ಲ. ಪಾತ್ರೆ ಶುದ್ಧಿಯ ತಿಳಿವಳಿಕೆ ಬೆಳೆದದ್ದು ಈಚಲು ಮರದ ಕೆಳಗೆ ಮತ್ತು ಅಡುಗೆಮನೆಯಲ್ಲಿ.

ಹುದುಗುವ ಪದಾರ್ಥದ ಪಾತ್ರೆಗೆ ಎರಡು ಕೆಲಸ ಆಗಬೇಕು. ಅಂಟಿದ ಕೊಳೆಯನ್ನು ತೆಗೆಯುವುದು ಒಂದು, ಉಳಿದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಇನ್ನೊಂದು. ಮೊದಲನೆಯದು ಆಗದೆ ಎರಡನೆಯದು ಆಗುವುದಿಲ್ಲ, ಏಕೆಂದರೆ ಕೊಳೆಯ ಪದರದಡಿ ಅಡಗಿದ ಜೀವಿಗಳಿಗೆ ಯಾವ ಔಷಧವೂ ತಲುಪದು. ಸೂಕ್ಷ್ಮಜೀವಿಗಳೇ ಹುಳಿತಕ್ಕೆ ಕಾರಣವೆಂದು ಲೂಯಿ ಪಾಶ್ಚರ್ 1857ರಿಂದಾಚೆಗೆ ಪ್ರಯೋಗಗಳಿಂದ ತೋರಿಸಿಕೊಟ್ಟ. ಅದಕ್ಕೂ ಮೊದಲೇ ಹಳ್ಳಿಗಳಲ್ಲಿ ಈ ಎರಡು ಕೆಲಸಕ್ಕೆ ಬೇರೆ ಬೇರೆ ವಸ್ತುಗಳು ಬಳಕೆಯಲ್ಲಿದ್ದವು.

ಕೊಳೆ ತೆಗೆಯಲು ಇದ್ದವು ಒಲೆಯ ಬೂದಿ, ಚೌಳು ಮಣ್ಣು, ಅಂಟುವಾಳ, ಸೀಗೆಪುಡಿ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ. ಅದರ ನುಣ್ಣನೆಯ ಕಣಗಳು ಉಜ್ಜುವ ಕೆಲಸವನ್ನೂ ಮಾಡುತ್ತವೆ. ಚೌಳು ಈ ಒಣಸೀಮೆಯ ಸ್ವಂತ ಸೊತ್ತು. ತಗ್ಗಿನ ಹೊಲಗಳಲ್ಲಿ ಬೇಸಿಗೆಗೆ ನೆಲದ ಮೇಲೆ ಬೆಳ್ಳಗೆ ಉಕ್ಕುವ ಈ ಪುಡಿಯಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಒದ್ದೆ ಬೆರಳುಗಳ ನಡುವೆ ತಿಕ್ಕಿದರೆ ಅದು ಜಾರುತ್ತದೆ: ಚರ್ಮದ ಜಿಡ್ಡನ್ನೇ ಕ್ಷಾರವು ಸಾಬೂನಾಗಿಸುತ್ತಿರುವುದರ ಗುರುತು ಅದು. ಅಗಸರು ಬಟ್ಟೆಗೆ ಬಳಸಿದ್ದು ಇದನ್ನೇ. ಗಾಜಿನ ಬಳೆಗೆ ಹೆಸರಾಗಿದ್ದ, ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜು ಕರಗಿಸಲು ಬೇಕಾದ ಕ್ಷಾರವೂ ಇಂಥ ನೆಲದಿಂದಲೇ ಬರುತ್ತಿತ್ತು. ಗಾಜನ್ನು ಹುಟ್ಟಿಸುವುದೂ ತೊಳೆಯುವುದೂ ಒಂದೇ ಉಪ್ಪು ಎಂಬುದು ನೆನಪಿಡತಕ್ಕ ಸಂಗತಿ.

ಅಂಟುವಾಳದ ಮಹತ್ವವನ್ನು ಇಲ್ಲಿನ ನೀರಿನ ಜೊತೆಗಿಟ್ಟು ನೋಡಬೇಕು. ಅನಂತಪುರ ಸೀಮೆಯ ಕೊಳವೆಬಾವಿಗಳ ನೀರು ಬಹುಪಾಲು ಗಡಸು, ಹಲವೆಡೆ ಫ್ಲೋರೈಡ್ ಕೂಡ ಹೆಚ್ಚು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸಾಬೂನಿನೊಡನೆ ಕೂಡಿ ಕರಗದ ಜಿಗುಟಾಗಿ ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟುವಾಳದ ನೊರೆ ಬರುವುದು ಸಪೋನಿನ್‌ನಿಂದ. ಅದು ಕ್ಯಾಲ್ಸಿಯಂ ಜೊತೆ ಹಾಗೆ ಗಟ್ಟಿಗೊಳ್ಳುವುದಿಲ್ಲ. ಅಂಗಡಿಯ ಸಾಬೂನು ಹಳ್ಳಿಗೆ ಬಂದ ಮೇಲೂ ಪಾತ್ರೆಗೆ ಅಂಟುವಾಳವೇ ಮೇಲೆಂಬ ಮಾತಿಗೆ ಹೀಗೆ ಸರಿಯಾದ ಆಧಾರವಿದೆ. ಅಂಥ ನೀರು ಒಣಗಿ ಬಾಟಲಿಯೊಳಗೆ ಉಳಿಸುವ ಬಿಳಿ ಪದರಕ್ಕೆ ಮಾತ್ರ ಕ್ಷಾರ ಸಾಲದು, ಹುಳಿಯೇ ಬೇಕು. ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರ, ಹಿತ್ತಾಳೆಯ ಕಿಲುಬನ್ನೂ ತೆಗೆಯುತ್ತದೆ. ಆದರೆ ಹುಳಿ ಪದಾರ್ಥವನ್ನು ಈ ಲೋಹಗಳಲ್ಲಿ ಇಡಬೇಕಾದರೆ ಒಳಗೆ ಕಲಾಯಿ ಇರಲೇಬೇಕು. ಇಲ್ಲದಿದ್ದರೆ ತಾಮ್ರ ಕರಗಿ ಆಹಾರ ವಿಷವಾಗುತ್ತದೆ.

ಮಣ್ಣಿನ ಗಡಿಗೆಯ ರೀತಿಯೇ ಬೇರೆ. ಅದರ ಸಣ್ಣ ರಂಧ್ರಗಳು ಸಾಬೂನನ್ನು ಹೀರಿಕೊಂಡು ಮುಂದಿನ ಸಲ ಹಾಕಿದ್ದಕ್ಕೆ ಬಿಟ್ಟುಕೊಡುತ್ತವೆ. ಆದ್ದರಿಂದ ಅದಕ್ಕೆ ಬೂದಿ, ತೆಂಗಿನ ನಾರು, ಬಿಸಿನೀರು, ಆಮೇಲೆ ಬಿಸಿಲು ಅಥವಾ ಹೊಗೆ. ಅಂಬಲಿಯ ಗಡಿಗೆಯನ್ನು ಅಷ್ಟೂ ಮಾಡದೆ ನೀರಿನಲ್ಲಿ ಕದಡಿ ಚೆಲ್ಲಿದರೆ ಸಾಕು. ಗೋಡೆಯಲ್ಲಿ ಉಳಿದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೇ ಮರುದಿನದ ಹೆಪ್ಪು. ಇಲ್ಲಿ ಅತಿಯಾದ ಶುದ್ಧಿ ರುಚಿಯನ್ನು ಕೆಡಿಸುತ್ತದೆ. ಉಪ್ಪಿನಕಾಯಿ ಜಾಡಿಗೆ ಇದರ ತದ್ವಿರುದ್ಧ ನಿಯಮ: ಕುದಿಯುವ ನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಕೆಂಡದ ಮೇಲೆ ಉದುರಿಸಿದ ಇಂಗಿನ ಹೊಗೆ ಹಿಡಿಸಿ, ಒಂದು ಹನಿ ತೇವವೂ ಇಲ್ಲವೆಂದು ಖಾತ್ರಿಯಾದ ಮೇಲೆ ಕಾಯಿ ತುಂಬಬೇಕು.

ಸುಣ್ಣದ ಕತೆ ಈಚಲು ಮರದ್ದು. ಈಚಲಿನ ರಸದಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ಸಕ್ಕರೆ ಇದ್ದು, ಹಿಂದಿನ ದಿನದ ಮಡ್ಡಿ ಉಳಿದ ಗಡಿಗೆಗೆ ಬಿದ್ದ ಗಳಿಗೆಯಿಂದಲೇ ಹುದುಗಲು ತೊಡಗುತ್ತದೆ. ಸೇಂದಿ ಬೇಕಾದವರಿಗೆ ಅದು ಅನುಕೂಲ. ಹುದುಗದ ಸಿಹಿ ರಸವಾದ ನೀರಾ ಅಥವಾ ಬೆಲ್ಲ ಬೇಕಾದವರು ಗಡಿಗೆ ತೊಳೆದು, ಸುಣ್ಣದ ತಿಳಿಯನ್ನು ಒಳಗೆ ಸುರಿದು, ಗಡಿಗೆಯನ್ನು ಸುತ್ತ ತಿರುಗಿಸಿ ಗೋಡೆಗೆಲ್ಲ ಬಳಿದು, ಉಳಿದದ್ದನ್ನು ಚೆಲ್ಲುತ್ತಾರೆ. ಗೋಡೆಯ ಮೇಲೆ ತೆಳುವಾದ ಬಿಳಿ ಪೊರೆ ನಿಲ್ಲುತ್ತದೆ. ಸಂಜೆ ಕಟ್ಟಿದ ಗಡಿಗೆಯನ್ನು ಸೂರ್ಯ ಏರುವ ಮುನ್ನ ಇಳಿಸುತ್ತಾರೆ. ತಿಳಿ ಸುಣ್ಣದ ನೀರಿನ ಪಿಎಚ್ ಸುಮಾರು 12.4, ಈಸ್ಟ್ ಆ ಕ್ಷಾರದಲ್ಲಿ ಬೆಳೆಯಲಾರದು. ಮರ ಇಳಿಸುವ ಕಸುಬಿನ ಈಡಿಗರಿಗೆ ಈ ಪೊರೆಯ ದಪ್ಪ ಕೈಯಳತೆಯ ವಿದ್ಯೆ: ಹೆಚ್ಚಾದರೆ ನೀರಾ ಒಗರಾಗುತ್ತದೆ, ಕಡಿಮೆಯಾದರೆ ಬೆಳಗಿಗೆ ನೊರೆಯೇಳುತ್ತದೆ.

ಸುಣ್ಣ ಹಚ್ಚಿದ ಗಡಿಗೆಗೂ ಹಚ್ಚದ ಗಡಿಗೆಗೂ ಇರುವ ವ್ಯತ್ಯಾಸ ಮದ್ರಾಸ್ ಅಬಕಾರಿ ಆಡಳಿತಕ್ಕೆ ಮುಖ್ಯವಾಗಿತ್ತು. 1937ರಲ್ಲಿ ಸೇಲಂನಲ್ಲಿ ಆರಂಭವಾದ ಪಾನನಿಷೇಧ 1948ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯಕ್ಕೆ, ಹಾಗಾಗಿ ಆಗ ಅದರಲ್ಲಿದ್ದ ರಾಯದುರ್ಗ, ಮಡಕಶಿರಾ ತಾಲ್ಲೂಕುಗಳಿಗೂ, ಹಬ್ಬಿತು. ಮರದಿಂದ ಇಳಿದ ರಸ ಸಿಹಿಯೋ ಮದ್ಯವೋ ಎಂಬುದನ್ನು ಗಡಿಗೆಯೊಳಗಿನ ಬಿಳುಪು ಸಾರುತ್ತಿತ್ತು. ಕಸುಬುದಾರರ ಅನ್ನ ನಿಂತಿದ್ದು ಆ ಬಿಳುಪಿನ ಮೇಲೆ ಎಂಬುದನ್ನು ಮರೆಯಬಾರದು.

ಬಾಟಲಿ ಬಂದಾಗ ಹೊಸ ತೊಡಕು ಬಂತು: ಕಿರಿದಾದ ಕೊರಳೊಳಗೆ ಕೈ ಹೋಗದು. 1872ರಲ್ಲಿ ಹೈರಮ್ ಕಾಡ್ ಪೇಟೆಂಟ್ ಪಡೆದ ಗೋಲಿ ಸೋಡ ಬಾಟಲಿಯಲ್ಲಂತೂ ಗೋಲಿಯೂ ಅಡ್ಡ. ಮರಳು ಅಥವಾ ಸಣ್ಣ ಹರಳು ಹಾಕಿ ನೀರಿನೊಡನೆ ಕುಲುಕುವುದು ಮನೆಯ ಉಪಾಯ. ಕಾರ್ಖಾನೆಯದು ಬಿಸಿ ಕಾಸ್ಟಿಕ್ ಸೋಡ. ಕಾಸ್ಟಿಕ್ ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಮನೆಬಳಕೆಗೆ ಸಲ್ಲದು. ಅಲ್ಲಿಗೆ ವಾಷಿಂಗ್ ಸೋಡ ಸಾಕು. ಸಾಲ್ವೇ ವಿಧಾನದಿಂದ 19ನೇ ಶತಮಾನದ ಕೊನೆಗೆ ಅದು ಅಗ್ಗವಾಯಿತು. ಭಾರತದಲ್ಲಿ ಈ ಸೋಡ ತಯಾರಿಸುವ ಟಾಟಾ ಕೆಮಿಕಲ್ಸ್ 1939ರಲ್ಲಿ ಸ್ಥಾಪನೆಯಾಯಿತು. ಅಂಗಡಿಯ ಪೊಟ್ಟಣದ ಸೋಡ ಚೌಳಿನ ಜಾಗ ಹಿಡಿದದ್ದು ಸಹಜ: ಎರಡರಲ್ಲಿಯೂ ಕೆಲಸ ಮಾಡುವ ವಸ್ತು ಒಂದೇ.

ಸೋಂಕು ಕಳೆಯಲು ಬ್ಲೀಚಿಂಗ್ ಪುಡಿಯೂ ಬಳಕೆಗೆ ಬಂತು. 1799ರಲ್ಲಿ ಚಾರ್ಲ್ಸ್ ಟೆನಂಟ್ ಪೇಟೆಂಟ್ ಪಡೆದ ಈ ವಸ್ತು ಅಗ್ಗವೂ ಪರಿಣಾಮಕಾರಿಯೂ ಹೌದು. ಆದರೆ ಚೆನ್ನಾಗಿ ಜಾಲಿಸದಿದ್ದರೆ ಔಷಧದ ವಾಸನೆ ಉಳಿಯುತ್ತದೆ, ಸ್ಟೀಲಿನಲ್ಲಿ ಗುಳಿ ಬೀಳುತ್ತದೆ. ಹುಣಸೆ, ನಿಂಬೆ ಮುಂತಾದ ಹುಳಿಯೊಡನೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಇವೆರಡನ್ನು ಎಂದೂ ಒಟ್ಟಿಗೆ ಬಳಸಬಾರದು. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಿಯರ್‌ಗೆ ಪರವಾನಗಿ ಬೇಕೆಂಬ ನಿಯಮ ಹೋದ ಮೇಲೆ ಹವ್ಯಾಸ ಹರಡಿತು. ಇಂದು ಅಂಥ ಹವ್ಯಾಸಿಗಳು ಬಳಸುವ ಸೋಡಿಯಂ ಪರ್ಕಾರ್ಬೊನೇಟ್ ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೋಡಿಯಂ ಕಾರ್ಬೊನೇಟ್ ಆಗಿ ಒಡೆಯುತ್ತದೆ. ಎರಡನೆಯದು ಚೌಳಿನ ಸತ್ವವೇ.

ಪ್ಲಾಸ್ಟಿಕ್ ಡಬ್ಬಗಳು ಗಡಿಗೆಯ ಬದಲಿಗೆ ಬಂದಾಗ ನಾರಿನ ಉಜ್ಜಾಟ ತೊಂದರೆಯಾಯಿತು. ಗೀರುಗಳಲ್ಲಿ ಈಸ್ಟ್ ಮನೆ ಮಾಡುತ್ತದೆ. ಇಂಥ ಡಬ್ಬಗಳಿಗೆ ಮೆತ್ತನೆಯ ಬಟ್ಟೆಯೇ ಸರಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ರಸ ಇಳಿಸಲು ಮಂಜುಗಡ್ಡೆಯ ಪೆಟ್ಟಿಗೆಯೊಂದನ್ನು ರೂಪಿಸಿ, ಹಾಗೆ ಪಡೆದ ರಸಕ್ಕೆ ಕಲ್ಪರಸ ಎಂದು ಹೆಸರಿಟ್ಟಿದೆ. ಅದರಲ್ಲಿ ಈಸ್ಟನ್ನು ತಡೆಯುವುದು ತಂಪು, ಆದ್ದರಿಂದ ಸುಣ್ಣ ಬೇಕಿಲ್ಲ. ಮಂಜುಗಡ್ಡೆ ಸಿಗದ ಕಡೆ ನೀರಾ ಗಡಿಗೆಗೆ ಸುಣ್ಣವೇ ಗತಿ.