ಪರದೆಯ ಮುಂದಿನ ಹಾಡು, ಪರದೆಯ ಹಿಂದಿನ ದುಡಿಮೆ

ನಾನು ಈ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಗ ಊರಿನ ಹಿರಿಯರು ನಮ್ಮ ಆಟದ ಮೈದಾನದಲ್ಲಿ ‘ಕುರುಕ್ಷೇತ್ರ’ ಆಡಿದರು. ಕೊಠಡಿಗಳ ಹೆಂಚು ಬದಲಿಸಲು ಹಣ ಕೂಡಿಸುವ ಸಹಾಯಾರ್ಥ ನಾಟಕ ಅದು. ತುಮಕೂರಿನಿಂದ ಸೀನರಿ ಬಾಡಿಗೆಗೆ ಬಂದಿತ್ತು. ನಮ್ಮ ದೊಡ್ಡಪ್ಪನದು ಕೃಷ್ಣನ ಪಾತ್ರ. ನಡುರಾತ್ರಿ ಕರೆಂಟು ಹೋಗಿ ಮೈಕು ನಿಂತಿತು. ಜನ ಗಲಾಟೆ ಎಬ್ಬಿಸುವ ಮೊದಲೇ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರು, ದೊಡ್ಡಪ್ಪ ಕತ್ತಲಲ್ಲೇ ಹಾಡು ಎತ್ತಿಕೊಂಡರು. ಪೆಟ್ರೋಮ್ಯಾಕ್ಸ್ ಹಚ್ಚಿ ತರುವವರೆಗೂ ಒಬ್ಬರೂ ಎದ್ದು ಹೋಗಲಿಲ್ಲ. ಇದು ಹೇಗೆ ಸಾಧ್ಯವಾಯಿತು ಎಂಬುದು ಮುಂದೆ ಇತಿಹಾಸದ ಮೇಷ್ಟ್ರಾದ ಮೇಲೆ ನನಗೆ ತಿಳಿಯುತ್ತಾ ಬಂತು.

ನಮ್ಮ ಯಕ್ಷಗಾನದಲ್ಲಿ ಹಾಡುವವರು ಭಾಗವತರು, ಕುಣಿಯುವವರು ವೇಷಧಾರಿಗಳು. ಉತ್ತರ ಕನ್ನಡದ ಕಡೆಯ ಮೇಳವೊಂದು ಸಾಂಗ್ಲಿಯಲ್ಲಿ ಆಡಿದ ಆಟವೇ ವಿಷ್ಣುದಾಸ ಭಾವೆಯವರಿಗೆ ಪ್ರೇರಣೆಯಾಗಿ, 1843ರಲ್ಲಿ ಮರಾಠಿ ನಾಟಕ ಆರಂಭವಾಯಿತು. ಅಲ್ಲಿಯೂ ಹಾಡುಗಳೆಲ್ಲ ಸೂತ್ರಧಾರನವೇ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿದಾಗ ಪಾತ್ರಧಾರಿಗಳೇ ಹಾಡತೊಡಗಿದರು. ದುಃಖಪಡುವವರ ಬಾಯಿಂದಲೇ ದುಃಖದ ಹಾಡು ಬಂದಾಗ ನೋಡುವವರ ಎದೆ ಕರಗದೆ ಇದ್ದೀತೆ? ಆ ಸಂಗೀತ ನಾಟಕದ ಪ್ರಭಾವ ಮತ್ತೆ ಕನ್ನಡ ನಾಡಿಗೂ ಹರಿದು ಬಂತು.

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿತು. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದನ್ನು ನಾಡಿನ ಮನೆಮಾತು ಮಾಡಿದರು. ಕಂಪನಿ ನಾಟಕಗಳ ಒಂದು ಉಪಾಯವನ್ನು ಇಲ್ಲಿ ಹೇಳಲೇಬೇಕು. ರಂಗದ ಮುಂಭಾಗದಲ್ಲಿ ಬೀದಿಯದೋ ಕಾಡಿನದೋ ಪರದೆ ಇಳಿಬಿಟ್ಟು, ಅದರ ಮುಂದೆ ಹಾಡನ್ನೋ ಹಾಸ್ಯವನ್ನೋ ನಡೆಸುತ್ತಿದ್ದರು. ಅಷ್ಟರಲ್ಲಿ ಪರದೆಯ ಹಿಂದೆ ದರ್ಬಾರು ಸಜ್ಜಾಗುತ್ತಿತ್ತು. ಕೆಲಸ ಮುಗಿಯದಿದ್ದರೆ ಹಾಡುಗಾರ ಆಲಾಪ ಬೆಳೆಸಬೇಕು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಒಳಗಿನವರಿಗೆ ಇನ್ನಷ್ಟು ಬಿಡುವು. ಪರದೆ ಮೇಲೇರಿ ದರ್ಬಾರು ಕಂಡಾಗ ಜನ ಬೆರಗಾಗುತ್ತಿದ್ದರೆ, ಆ ಬೆರಗಿನಲ್ಲಿ ಹಾಡಿನ ಪಾಲೂ ಇತ್ತು.

ವೀರಣ್ಣನವರ ‘ಕುರುಕ್ಷೇತ್ರ’ 1934ರಲ್ಲಿ ಬೆಂಗಳೂರಿನಲ್ಲಿ ರಂಗಕ್ಕೆ ಬಂತು. ನಿಜವಾದ ಆನೆ, ಕುದುರೆ, ರಥಗಳು ಆ ರಂಗದ ಮೇಲಿದ್ದವು. ಅದೇ ವರ್ಷ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವೂ ತೆರೆ ಕಂಡಿತು. ವೈಭವ ತೋರಿಸುವ ಕೆಲಸವನ್ನು ಸಿನಿಮಾ ಕ್ರಮೇಣ ಕಂಪನಿಗಳಿಂದ ಕಸಿದುಕೊಂಡಿತು. ಕಂಪನಿಗಳು ಒಂದೊಂದಾಗಿ ಮುಚ್ಚಿದರೂ ಆ ನಾಟಕಗಳು ನಮ್ಮ ಹಳ್ಳಿಗಳಲ್ಲಿ ಉಳಿದವು. ಆನೆ ತರುವ ಶಕ್ತಿ ಹಳ್ಳಿಯವರಿಗೆ ಎಲ್ಲಿಂದ ಬರಬೇಕು? ಹಾಡು ಮಾತ್ರ ಅವರ ಕೈಗೆಟುಕುವಂತಿತ್ತು.

ಹಾಗೆಂದು ಸೀನರಿ ಬೇಡವೆಂದು ನಾನು ಹೇಳಲಾರೆ. ಆ ರಾತ್ರಿ ಪೆಟ್ರೋಮ್ಯಾಕ್ಸ್ ಬಂದಾಗ, ಮಾಸಿದ ಆ ದರ್ಬಾರಿನ ಪರದೆ ಮತ್ತೆ ಕಂಡಿತೆಂದೇ ಜನ ಚಪ್ಪಾಳೆ ತಟ್ಟಿದರು. ಮೈಕಿಲ್ಲದ ಕಾಲದಲ್ಲಿ ಕಲಿತ ಗಂಟಲು ದೊಡ್ಡಪ್ಪನದು. ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೂ ಪ್ರತಿ ಅಕ್ಷರ ಕೇಳಿಸಿತ್ತು.

ದೊಡ್ಡಪ್ಪ ಈಗಿಲ್ಲ. ರಾಗ, ಶ್ರುತಿ ಗುರುತು ಹಾಕಿಕೊಂಡಿದ್ದ ಅವರ ನಾಟಕದ ನೋಟ್‌ಬುಕ್ಕು ಮನೆ ಕೆಡವಿದಾಗ ಹಳೆಯ ಪೇಪರಿನ ಜೊತೆ ತೂಕಕ್ಕೆ ಹೋಯಿತು. ಆಗ ನಾನು ಊರಲ್ಲೇ ಇದ್ದೆ. ಶಾಸನ, ತಾಳೆಗರಿಗಳನ್ನು ಕಾಪಾಡಿರೆಂದು ಮಕ್ಕಳಿಗೆ ಪಾಠ ಹೇಳುವ ನಾನು ಆ ಪುಸ್ತಕ ಕೇಳಿ ಪಡೆಯಲಿಲ್ಲ. ಅವರ ಧ್ವನಿ ಯಾವ ಟೇಪಿನಲ್ಲೂ ಇಲ್ಲ.

ಆದ್ದರಿಂದ ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಆ ರಾತ್ರಿಯ ಫೋಟೋ, ಕರಪತ್ರ, ಟಿಕೆಟಿನ ತುಂಡು ಯಾರ ಮನೆಯ ಪೆಟ್ಟಿಗೆಯಲ್ಲಿದ್ದರೂ ಶಾಲೆಗೆ ತಂದುಕೊಡಿ. ಪಾತ್ರ ಮಾಡಿದವರಲ್ಲಿ ಇನ್ನೂ ಕೆಲವರಿದ್ದಾರೆ. ಈಗಿನ ಮಕ್ಕಳು ಈ ಬೇಸಿಗೆ ರಜೆಯಲ್ಲೇ ಅವರ ಬಳಿ ಕುಳಿತು ಬರೆದುಕೊಳ್ಳಲಿ.